ಕಿರೀಟ ಅದೇ ಅಲ್ವೇನ್ಲಾ

(ತುಮಕೂರಿನಲ್ಲಿ ಗೆಳೆಯರು ಏರ್ಪಡಿಸಿದ್ದ ಭಾನುವಾರದ ಸಿನಿಮಾ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡು ವಾರ ಮೊದಲು ಅದೇ ಹಾಲ್‌ನಲ್ಲಿ ‘ಎನಿಮಿ’ ಸಿನಿಮಾ ತೋರಿಸಿ, ನೋಡಿದವರಿಂದ ಚೀಟಿಗಳಲ್ಲಿ ಅನಿಸಿಕೆ ಬರೆಸಿಕೊಂಡಿದ್ದೆವು. ಇಲ್ಲಿ ಕಥೆಯ ಗುಟ್ಟೆಲ್ಲ ಬಯಲಾಗಿದೆ. ನೋಡದವರು ನೋಡಿಕೊಂಡು ಬಂದು ಓದಿದರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ನಿಂತಿದ್ದೆ. ಹಿಂದಿನಿಂದ ಬಂದ ಒಬ್ಬರು ಬೆನ್ನ ಮೇಲೆ ರಪ್ಪಂತ ಒಂದು ಬಿಟ್ಟರು. ಚಟ್ನಿ ಅಂಗಿ ಮೇಲೆ ಬಿತ್ತು. “ಏನಣ್ಣ, ಗುರ್ತೇ ಇಲ್ದೋರಂಗೆ ನಿಂತಿದೀರಾ? ಮೊನ್ನೆ ತಿಪಟೂರ್ ಮಂಡೀಲಿ ಅಷ್ಟೊತ್ತು ಮಾತಾಡುದ್ವಲ್ಲ” ಅಂದರು. ನಾನು ತಿಪಟೂರಿನ ಕೊಬ್ಬರಿ ಮಂಡಿಗೆ ಕಾಲಿಟ್ಟು ಹತ್ತು ವರ್ಷದ ಮೇಲಾಯಿತು. ನಾನಲ್ಲ ಅಂದೆ. ಅವರು ನಕ್ಕರು. ಮತ್ತೆ ನಾನಲ್ಲ ಅಂದೆ. ಈ ಸಲ ನಗಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, “ಆಯ್ತು ಬಿಡಿ, ದುಡ್ಡಿನ ವಿಷ್ಯ ಆಮೇಲೆ ಮಾತಾಡಾನ” ಅಂತ ಹೊರಟೇ ಹೋದರು. ಆ ಮಂಡಿಯಲ್ಲಿ ನನ್ನ ಮುಖ ಹೊತ್ತವನು ಯಾರಿಗೋ ಸಾಲ ಮಾಡಿಕೊಂಡಿದ್ದಾನೆ ಅಂತ ಆಯಿತು.

ನಮ್ಮ ಕಡೆ ಇದಕ್ಕೆ ಸಿದ್ಧವಾದ ಸಮಾಧಾನ ಒಂದಿದೆ. ಪ್ರಪಂಚದಲ್ಲಿ ಒಂದೇ ಥರ ಏಳು ಜನ ಇರ್ತಾರೆ ಅನ್ನುತ್ತೇವೆ. ಏಳೇ ಯಾಕೆ ಅಂತ ಯಾರೂ ಕೇಳುವುದಿಲ್ಲ. ಅದರಲ್ಲಿ ಭಯವೇ ಇಲ್ಲ ನೋಡಿ, ಲೆಕ್ಕ ಹೇಳಿ ಮುಗಿಸಿದ ಹಾಗೆ. ಜರ್ಮನ್ನರು ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಡಾಪಲ್‌ಗ್ಯಾಂಗರ್ ಅನ್ನುವ ಪದವನ್ನು 1796ರಲ್ಲಿ ಜೀನ್ ಪಾಲ್ ಅನ್ನುವ ಜರ್ಮನ್ ಕಾದಂಬರಿಕಾರ ಬಳಕೆಗೆ ತಂದ. ಜೋಡಿಯಾಗಿ ನಡೆಯುವವನು ಅಂತ ಅದರ ಅರ್ಥ. ಅಲ್ಲಿನ ನಂಬಿಕೆಯಲ್ಲಿ ನಿಮ್ಮ ತದ್ರೂಪಿಯನ್ನು ನೀವೇ ಕಂಡರೆ ಸಾವು ಹತ್ತಿರ ಬಂತು ಅಂತ. ನಾವು ಏಳು ಜನ ಅಂತ ನಕ್ಕು ಇಡ್ಲಿ ತಿನ್ನುತ್ತೇವೆ. ಆದರೂ ಅವತ್ತಿನಿಂದ ತಿಪಟೂರಿಗೆ ಒಮ್ಮೆ ಹೋಗಿ ನೋಡಿ ಬರಬೇಕು ಅನ್ನುವ ತುರಿಕೆ ನನಗೆ ಶುರುವಾಯಿತು ಅನ್ನುವುದನ್ನೂ ಹೇಳಿಬಿಡಬೇಕು.

ಆ ತುರಿಕೆಯೇ ಈ ಸಿನಿಮಾದ ಕಥೆ. ಟೊರೊಂಟೊ ಊರಿನ ಒಬ್ಬ ಇತಿಹಾಸದ ಮೇಷ್ಟ್ರು, ಆಡಮ್. ಸಹೋದ್ಯೋಗಿ ಹೇಳಿದ ಅಂತ ಒಂದು ಸಿನಿಮಾ ಬಾಡಿಗೆಗೆ ತಂದು ನೋಡುತ್ತಾನೆ. ಅದರಲ್ಲಿ ಹೋಟೆಲ್ ಹುಡುಗನ ಸಣ್ಣ ಪಾತ್ರ ಮಾಡಿದವನ ಮುಖ ತನ್ನದೇ. ಹುಡುಕಿಕೊಂಡು ಹೋಗುತ್ತಾನೆ. ಆ ನಟ ಆಂಥನಿ. ಮದುವೆಯಾಗಿದೆ, ಹೆಂಡತಿ ಹೆಲೆನ್ ಬಸುರಿ. ಮೇಷ್ಟರಿಗೊಬ್ಬಳು ಗೆಳತಿ ಇದ್ದಾಳೆ, ಮೇರಿ. ಎರಡೂ ಪಾತ್ರ ಜೇಕ್ ಜಿಲೆನ್‌ಹಾಲ್ ಮಾಡಿದ್ದಾರೆ. ನಿರ್ದೇಶನ ಡೆನಿಸ್ ವಿಲ್ನೂವ್ ಅವರದು, ಮೂಲ ಪೋರ್ಚುಗಲ್‌ನ ಜೋಸೆ ಸರಮಾಗೋ 2002ರಲ್ಲಿ ಬರೆದ ಕಾದಂಬರಿ. ಸಿನಿಮಾ ಮೊದಲು ತೆರೆ ಕಂಡದ್ದು 2013ರ ಸೆಪ್ಟೆಂಬರ್‌ನಲ್ಲಿ, ಟೊರೊಂಟೊ ಚಿತ್ರೋತ್ಸವದಲ್ಲೇ.

ಇಲ್ಲೊಂದು ತಮಾಷೆ ಇದೆ. ಅದೇ ವರ್ಷ, ಅದೇ ಉತ್ಸವದಲ್ಲಿ ತದ್ರೂಪಿಯದೇ ಕಥೆ ಇರುವ ಇನ್ನೊಂದು ಸಿನಿಮಾ ಬಂತು, ‘ದಿ ಡಬಲ್’ ಅಂತ, ದಸ್ತಯೇವ್‌ಸ್ಕಿ 1846ರಲ್ಲಿ ಬರೆದ ಕಥೆಯನ್ನು ಇಟ್ಟುಕೊಂಡು. ಸರಮಾಗೋ ಕಾದಂಬರಿಯ ಇಂಗ್ಲಿಷ್ ಅನುವಾದದ ಹೆಸರೂ ‘ದಿ ಡಬಲ್’. ಸಿನಿಮಾಕ್ಕೇ ತದ್ರೂಪಿ ಹುಟ್ಟಿಕೊಂಡ ಹಾಗಾಯಿತು. ಇನ್ನೂ ಒಂದು ಇದೆ. ಅದೇ ಸೆಪ್ಟೆಂಬರ್‌ನಲ್ಲೇ ನಮ್ಮಲ್ಲಿ ‘ಲೂಸಿಯಾ’ ಬಿಡುಗಡೆಯಾಯಿತು, ಪವನ್ ಕುಮಾರ್ ಅವರದು, ಜನರಿಂದಲೇ ದುಡ್ಡು ಕೂಡಿಸಿ ಮಾಡಿದ್ದು. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ, ದೊಡ್ಡ ಸ್ಟಾರು, ಎರಡೂ ಸತೀಶ್ ನೀನಾಸಂ. ಒಂದು ಕಡೆ ಬಣ್ಣ, ಒಂದು ಕಡೆ ಕಪ್ಪು ಬಿಳುಪು. ಹೊರಗೆ ಬಂದ ಜನ ಟೀ ಅಂಗಡಿ ಮುಂದೆ ಯಾವುದು ನಿಜ, ಯಾವುದು ಕನಸು ಅಂತ ಕಿತ್ತಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಹಾಗಾಗಿ ಇಂಥ ಸಿನಿಮಾ ನಮ್ಮ ಜನಕ್ಕೆ ಅರ್ಥವಾಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ‘ಲೂಸಿಯಾ’ ಕೊನೆಗೆ ಉತ್ತರ ಹೇಳಿತು, ‘ಎನಿಮಿ’ ಹೇಳಲಿಲ್ಲ. ವ್ಯತ್ಯಾಸ ಅಷ್ಟೇ. ಅದು ಸಣ್ಣ ವ್ಯತ್ಯಾಸವೇನೂ ಅಲ್ಲ, ಇರಲಿ.

ಈಗ ಚೀಟಿಗಳಿಗೆ ಬರುತ್ತೇನೆ. ರಬ್ಬರ್ ಬ್ಯಾಂಡ್ ಹಾಕಿ ಮನೆಗೆ ತೆಗೆದುಕೊಂಡು ಹೋಗಿ ಪರೀಕ್ಷೆ ಪೇಪರ್ ತಿದ್ದಿದ ಹಾಗೆ ಓದಿದ್ದೇನೆ. ಮಾರ್ಕ್ಸ್ ಕೊಟ್ಟಿಲ್ಲ.

ಮೊದಲನೆಯ ಚೀಟಿ ಹೀಗಿದೆ: “ತಲೆ ಬುಡ ಇಲ್ಲ. ಟಿಕೆಟ್ ಇದ್ದಿದ್ದರೆ ದುಡ್ಡು ವಾಪಸ್ ಕೇಳುತ್ತಿದ್ದೆ.” ಬರೆದವರು ಹೆಸರು ಹಾಕಿಲ್ಲ, ಆದರೆ ಅಕ್ಷರ ನೋಡಿದರೆ ನನ್ನ ಹಳೇ ವಿದ್ಯಾರ್ಥಿಯೇ. ಇನ್ನೊಬ್ಬರು, “ಪ್ರೊಜೆಕ್ಟರ್ ಲ್ಯಾಂಪ್ ಹೋಗಿದೆ ಅಂದುಕೊಂಡು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ” ಅಂತ ಬರೆದಿದ್ದಾರೆ. ಈ ಮಾತು ನನಗೆ ಬಹಳ ಹಿಡಿಸಿತು. ಇಡೀ ಸಿನಿಮಾ ಹಳದಿ. ಆಕಾಶ, ಗೋಡೆ, ಕ್ಲಾಸ್‌ರೂಮು, ಚರ್ಮ, ಎಲ್ಲಕ್ಕೂ ಅದೇ ಕೊಳೆ ಹಳದಿ. ಕಾಮಾಲೆ ಆದವನ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಗಾದೆ ನಮ್ಮಲ್ಲಿದೆ. ರೋಗ ಊರಿಗಲ್ಲ, ನೋಡುವವನಿಗೆ. ಛಾಯಾಗ್ರಹಣದ ಬಗ್ಗೆ ಪುಟಗಟ್ಟಲೆ ಓದುವ ಬದಲು ಈ ಗಾದೆ ಇಟ್ಟುಕೊಂಡು ನೋಡಿ, ಆ ಮೇಷ್ಟರಿಗೆ ಏನಾಗಿದೆ ಅಂತ ತಿಳಿಯುತ್ತದೆ. ಲ್ಯಾಂಪ್ ಹೋಗಿದೆ ಅಂದುಕೊಂಡವರು ಸಿನಿಮಾವನ್ನು ಸರಿಯಾಗಿಯೇ ನೋಡಿದ್ದಾರೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಚೀಟಿ ಬರೆಯಲಿಲ್ಲ, ಬಾಯಲ್ಲೇ ಹೇಳಿದರು: “ಒಬ್ಬನಿಗಾದ್ರೂ ಮೀಸೆ ಮಡಗಬಾರದಾಗಿತ್ತಾ ಸಾರ್?” ಎಲ್ಲರೂ ನಕ್ಕೆವು. ಆದರೆ ಅದು ನಮ್ಮ ಡಬಲ್ ಆ್ಯಕ್ಟಿಂಗ್ ಪರಂಪರೆಯ ಒಳಗಿನಿಂದ ಬಂದ ಪ್ರಶ್ನೆ. ‘ಬಭ್ರುವಾಹನ’ 1977ರದ್ದು. ಅರ್ಜುನನೂ ರಾಜಕುಮಾರ್, ಬಭ್ರುವಾಹನನೂ ರಾಜಕುಮಾರ್. ಅಪ್ಪ ಮಗ ಎದುರುಬದುರು ನಿಂತು ಹಾಡಿನಲ್ಲಿ ಜಗಳವಾಡುತ್ತಾರೆ. ಯಾರು ಅಪ್ಪ, ಯಾರು ಮಗ ಅಂತ ಟೆಂಟ್‌ನಲ್ಲಿ ಕೂತವರಿಗೆ ಒಂದು ಕ್ಷಣವೂ ಗಲಿಬಿಲಿಯಾಗಲಿಲ್ಲ. ಮರುವರ್ಷ ‘ಶಂಕರ್ ಗುರು’ವಿನಲ್ಲಿ ಮೂವರಾದರು, ಆಗಲೂ ಆಗಲಿಲ್ಲ. ನಮ್ಮಲ್ಲಿ ಡಬಲ್ ಆ್ಯಕ್ಟಿಂಗ್ ಅಂದರೆ ಮಚ್ಚೆ, ಮೀಸೆ, ಅಂಗಿ, ಕನ್ನಡಕ, ಏನಾದರೊಂದು ಗುರುತು ನೋಡುವವನ ಕೈಯಲ್ಲಿ ಕೊಟ್ಟಿರುತ್ತಾರೆ. ತೆರೆ ಮೇಲಿನವರು ಮೋಸ ಹೋಗಬೇಕು, ನಾವು ಹೋಗಬಾರದು. ಅದೇ ಖುಷಿ. ಕ್ಯಾಮೆರಾದ ಅರ್ಧ ಕಣ್ಣು ಮುಚ್ಚಿ ಒಂದು ಸಲ ತೆಗೆದು, ಫಿಲಂ ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಇನ್ನೊಂದು ಸಲ ತೆಗೆಯುತ್ತಿದ್ದ ಕಾಲದಲ್ಲಿ ತೆರೆಯ ನಡುವೆ ಕಾಣದ ಗೆರೆ ಒಂದಿರುತ್ತಿತ್ತು. ಇಬ್ಬರೂ ಅದನ್ನು ದಾಟುವಂತಿರಲಿಲ್ಲ. ಈ ಸಿನಿಮಾದಲ್ಲಿ ಆ ಗೆರೆಯನ್ನು ಅಳಿಸಿಬಿಟ್ಟಿದ್ದಾರೆ. ಇಬ್ಬರಿಗೂ ಅದೇ ಗಡ್ಡ. ಹೋಟೆಲ್ ರೂಮಿನಲ್ಲಿ ಭೇಟಿಯಾದಾಗ ಇಬ್ಬರ ಎದೆಯ ಮೇಲೂ ಅದೇ ಗಾಯದ ಕಲೆ. ಹಾಕಿಕೊಂಡ ಜಾಕೆಟ್ ಒಂದೇ ಬೇರೆ, ಅದನ್ನೂ ಕೊನೆಗೆ ಬದಲಾಯಿಸಿಕೊಳ್ಳುತ್ತಾರೆ. ಮೋಸ ಹೋಗುವವರು ನಾವು. ಹಿರಿಯರಿಗೆ ಕೋಪ ಬಂದದ್ದು ಅದಕ್ಕೆ.

ಇನ್ನು ಒಗಟು ಬಿಡಿಸುವವರು. ಇವರ ಚೀಟಿಗಳು ಉದ್ದ, ಹಿಂದೆ ಮುಂದೆ ಎರಡೂ ಕಡೆ ಬರೆದಿದ್ದಾರೆ. ಬಹುಪಾಲು ಹುಡುಗರು. ಮನೆಗೆ ಹೋಗುವ ಮೊದಲೇ ಮೊಬೈಲಿನಲ್ಲಿ ವಿವರಣೆ ವಿಡಿಯೋ ನೋಡಿ ಬಂದವರು. ಅವರ ವಾದ: ಇಬ್ಬರಿಲ್ಲ, ಒಬ್ಬನೇ. ಮನಸ್ಸು ಒಡೆದುಕೊಂಡ ಒಬ್ಬ ಗಂಡ, ಹೆಂಡತಿಗೂ ಗೆಳತಿಗೂ ನಡುವೆ ಸಿಕ್ಕಿಕೊಂಡವನು. ಸಾಕ್ಷಿ ಬೇಕಾದಷ್ಟಿದೆ. ಮೇಷ್ಟರ ಹತ್ತಿರ ಹರಿದ ಫೋಟೋ, ನಟನ ಮನೆಯಲ್ಲಿ ಅದೇ ಫೋಟೋ ಇಡಿಯಾಗಿ, ಪಕ್ಕದಲ್ಲಿ ಹೆಲೆನ್. ಹೆಲೆನ್ ಕಾಲೇಜಿಗೆ ಹೋಗಿ ಮೇಷ್ಟರನ್ನು ನೋಡುತ್ತಾಳಲ್ಲ, ಆಗ ಗಂಡನಿಗೆ ಫೋನ್ ಮಾಡುತ್ತಾಳೆ. ಮೇಷ್ಟ್ರು ಕಣ್ಮರೆಯಾದ ಮೇಲೇ ಆ ಕಡೆಯಿಂದ ಗಂಡ ಮಾತಾಡುವುದು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅವನ ಅಮ್ಮನದು. ಆ ಮೂರನೇ ದರ್ಜೆ ನಟನಾಗುವ ಹುಚ್ಚು ಬಿಡು ಅಂತ ಮೇಷ್ಟರಾದ ಮಗನಿಗೇ ಹೇಳುತ್ತಾಳೆ. ಬ್ಲೂಬೆರಿ ತಿನ್ನು ಅನ್ನುತ್ತಾಳೆ, ಇವನು ನನಗೆ ಇಷ್ಟವಿಲ್ಲ ಅನ್ನುತ್ತಾನೆ, ನಿನಗೆ ಇಷ್ಟ ಅಂತ ಅವಳೇ ತೀರ್ಮಾನ ಕೊಡುತ್ತಾಳೆ. ಆ ಕಡೆ ನಟನಿಗೆ ಮನೆಯಲ್ಲಿ ಬ್ಲೂಬೆರಿ ಇಲ್ಲದಿದ್ದರೆ ಸಿಟ್ಟು. (“ನೇರಳೆ ಹಣ್ಣಿಗೆ ಇಷ್ಟು ಜಗಳ ಯಾಕೆ?” ಅಂತ ಒಂದು ಚೀಟಿ ಕೇಳಿದೆ. ಒಪ್ಪತಕ್ಕದ್ದೇ.)

ನಿರ್ದೇಶಕರೂ ಈ ಅರ್ಥಕ್ಕೆ ಒತ್ತಾಸೆಯಾಗಿ ಮಾತಾಡಿದ್ದುಂಟು. ಹಾಗಾಗಿ ಹುಡುಗರು ತಪ್ಪು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಉತ್ತರ ಸಿಕ್ಕಿತು ಅಂದ ಕೂಡಲೇ ಅವರ ಮುಖದಲ್ಲಿ ನೆಮ್ಮದಿ ಕಂಡಿತಲ್ಲ, ಆ ನೆಮ್ಮದಿ ನನಗೆ ಸರಿಬರಲಿಲ್ಲ. ಒಬ್ಬನೇ ಅಂದುಬಿಟ್ಟರೆ ಏನಾಗುತ್ತದೆ ನೋಡಿ. ನಟ ಮೇಷ್ಟರ ವೇಷ ಹಾಕಿಕೊಂಡು ಮೇರಿಯನ್ನು ಊರಾಚೆಯ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ಅವಳು ಅವನ ಬೆರಳಲ್ಲಿ ಉಂಗುರದ ಗುರುತು ನೋಡುತ್ತಾಳೆ. ಉಂಗುರ ತೆಗೆದಿದ್ದಾನೆ, ಅದರ ಕೆಳಗಿನ ಬಿಳೀ ಗೆರೆ ಹೋಗಿಲ್ಲ. ಅವಳು ಕಿರುಚುತ್ತಾಳೆ. ವಾಪಸ್ ಬರುವಾಗ ಕಾರಿನಲ್ಲಿ ಜಗಳ, ಕಾರು ಪಲ್ಟಿ. ಒಡೆದ ಗಾಜಿನ ಬಿರುಕು ಜೇಡರ ಬಲೆಯ ಹಾಗೆ ಕಾಣುತ್ತದೆ. ಒಗಟು ಬಿಡಿಸುವವರ ಪ್ರಕಾರ ಇದೆಲ್ಲ ಅವನ ಮನಸ್ಸಿನೊಳಗೆ ನಡೆದದ್ದು, ಗೆಳತಿಯನ್ನು ಬಿಟ್ಟು ಹೆಂಡತಿ ಹತ್ತಿರ ವಾಪಸಾದ ಅಂತ ಅರ್ಥ, ಅಷ್ಟೇ. ಅಂದರೆ ಮೇರಿ ಸಾಯಲೇ ಇಲ್ಲ, ಬರೀ ಸಂಕೇತವಾದಳು. ಎಷ್ಟು ಅನುಕೂಲ!

ಒಂದೇ ಒಂದು ಚೀಟಿ ಇದನ್ನು ಹಿಡಿದಿದೆ. ಪೆನ್ಸಿಲ್‌ನಲ್ಲಿ, ಸಣ್ಣ ಅಕ್ಷರ: “ಆ ಇನ್ನೊಂದು ಹುಡುಗಿಗೆ ಏನಾಯ್ತು ಅಂತ ಯಾರೂ ಕೇಳಲಿಲ್ಲ.” ಈ ಚೀಟಿ ಬರೆದವರು ಇಲ್ಲಿದ್ದರೆ, ನಿಮಗೆ ನನ್ನ ನಮಸ್ಕಾರ. ನಾನೂ ಕೇಳಿರಲಿಲ್ಲ.

ಅವತ್ತು ಆದ ಅಚಾತುರ್ಯ ನೆನಪಿದೆಯಲ್ಲ? ಕಾರು ಇನ್ನೇನು ಮಗುಚಬೇಕು, ಕರೆಂಟು ಹೋಯಿತು. ಹೊರಗೆ ಬಿ.ಎಚ್. ರೋಡಿನ ಲಾರಿ ಸದ್ದು ಬಿಟ್ಟರೆ ಏನೂ ಇಲ್ಲ. ಜನರೇಟರ್ ಹುಡುಗ ಡೀಸೆಲ್ ತರಲು ಹೋದ. ಆ ಹತ್ತು ನಿಮಿಷದ ಕತ್ತಲಲ್ಲಿ ನೀವು ಮಾತಾಡಿದ್ದನ್ನು ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಮುಖ ಕಾಣದಿದ್ದಾಗ ಜನ ಚೀಟಿಯಲ್ಲಿ ಬರೆಯುವುದಕ್ಕಿಂತ ನಿಜ ಮಾತಾಡುತ್ತಾರೆ. ಒಂದು ಗಂಡು ದನಿ, “ಪಾಪ, ಆ ಬಸುರಿ ಹೆಂಗಸಿಗೆ ಗೊತ್ತೇ ಇಲ್ಲ, ಮನೆಗೆ ಬಂದಿರೋನು ಗಂಡ ಅಲ್ಲ ಅಂತ” ಅಂದಿತು. ತಕ್ಷಣ ಹಿಂದಿನ ಕಡೆಯಿಂದ ಒಂದು ಹೆಣ್ಣು ದನಿ: “ಅಯ್ಯೋ, ಗೊತ್ತು ಸುಮ್ನಿರಿ.” ಇನ್ನೊಂದು ಹೆಣ್ಣು ದನಿ: “ಬಾಗಿಲು ತೆಗ್ದಾಗಲೇ ಗೊತ್ತಾಗಿರುತ್ತೆ.” ಆಮೇಲೆ ಹೆಂಗಸರೆಲ್ಲ ನಕ್ಕರು. ಗಂಡಸರು ನಗಲಿಲ್ಲ. ಅಷ್ಟರಲ್ಲಿ ಲೈಟು ಬಂತು.

ನನಗೆ ಈ ಸಿನಿಮಾ ತೆರೆದುಕೊಂಡದ್ದು ಆ ಕತ್ತಲಲ್ಲಿ. ಮನೆಗೆ ಹೋಗಿ ಆ ಭಾಗ ಮತ್ತೆ ಹಾಕಿಕೊಂಡು ನೋಡಿದೆ. ಮೇಷ್ಟ್ರು ನಟನ ಮನೆಯಲ್ಲಿ, ನಟನ ಹಾಸಿಗೆಯಲ್ಲಿ. ಹೆಲೆನ್ ಮೆಲ್ಲಗೆ ಕೇಳುತ್ತಾಳೆ, ಇವತ್ತು ಸ್ಕೂಲು ಚೆನ್ನಾಗಿತ್ತಾ ಅಂತ. ಅವಳ ಗಂಡ ನಟ. ಅವನಿಗೆಲ್ಲಿಯ ಸ್ಕೂಲು? ಅವಳಿಗೆ ಗೊತ್ತು. ಗೊತ್ತಿದೆ ಅನ್ನುವುದನ್ನು ಅವನಿಗೂ ತಿಳಿಸುತ್ತಿದ್ದಾಳೆ. ಆಮೇಲೆ ಅವನು ಅಳುತ್ತಾನೆ. ನೀನು ಇಲ್ಲೇ ಇರು ಅನ್ನುತ್ತಾಳೆ.

ಒಬ್ಬನೋ ಇಬ್ಬರೋ ಅಂತ ಗಂಡಸರು ತಲೆ ಎಣಿಸುತ್ತಾ ಕೂತಿರುವಾಗ, ಇವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಅಂತ ಅವಳು ತೀರ್ಮಾನ ಮಾಡಿ ಆಗಿದೆ. ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದನ್ನೇ.

ಗುರುತು ಹಿಡಿಯುವ ಕೆಲಸ ಯಾವಾಗಲೂ ಹೆಂಗಸಿನ ತಲೆಗೇ ಬೀಳುತ್ತದೆ, ನಮ್ಮ ಕಥೆಗಳಲ್ಲೂ ಅಷ್ಟೇ. ದಮಯಂತಿ ಸ್ವಯಂವರದಲ್ಲಿ ಮಾಲೆ ಹಿಡಿದು ನಿಂತಾಗ ಎದುರಿಗೆ ಐವರು ನಳರು. ಇಂದ್ರ, ಅಗ್ನಿ, ವರುಣ, ಯಮ, ಐದನೆಯವನು ನಿಜವಾದ ನಳ. ಅವಳು ಕಣ್ಣು ಮಿಟುಕಿಸುವವನನ್ನು, ಬೆವರುವವನನ್ನು, ನೆರಳು ಬೀಳುವವನನ್ನು, ಹೂಮಾಲೆ ಬಾಡಿದವನನ್ನು ಹುಡುಕುತ್ತಾಳೆ. ದೇವತೆಗಳಲ್ಲಿ ಇಲ್ಲದ ಕುಂದು ಎಲ್ಲಿದೆಯೋ ಅವನೇ ಗಂಡ. ಎಂಥ ಕಲ್ಪನೆ ಅಲ್ಲವಾ? ಈ ಸಿನಿಮಾದಲ್ಲಿ ಮೇರಿ ನೋಡುವ ಉಂಗುರದ ಬಿಳೀ ಗೆರೆ ಅಂಥದೇ ಗುರುತು. ದಮಯಂತಿಗೆ ಗುರುತು ಹತ್ತಿದ್ದರಿಂದ ಮದುವೆಯಾಯಿತು, ಮೇರಿಗೆ ಗುರುತು ಹತ್ತಿದ್ದರಿಂದ ಜೀವ ಹೋಯಿತು.

ಅಹಲ್ಯೆಯ ವಿಷಯ ಇನ್ನೂ ತೊಡಕಿನದು. ಗೌತಮನ ರೂಪದಲ್ಲಿ ಇಂದ್ರ ಬಂದ, ಅವಳು ಮೋಸ ಹೋದಳು ಅಂತ ನಾವು ಹರಿಕಥೆಗಳಲ್ಲಿ ಕೇಳುತ್ತಾ ಬಂದದ್ದು. ವಾಲ್ಮೀಕಿಯ ಬಾಲಕಾಂಡ ತೆಗೆದು ನೋಡಿ. ಮುನಿವೇಷದಲ್ಲಿರುವವನು ಇಂದ್ರ ಅಂತ ಅವಳಿಗೆ ಗೊತ್ತಾಗುತ್ತದೆ, ಗೊತ್ತಾಗಿಯೇ ಒಪ್ಪುತ್ತಾಳೆ, ದೇವರಾಜನ ಮೇಲಿನ ಕುತೂಹಲಕ್ಕೆ. ಆಮೇಲಿನವರಿಗೆ ಈ ಗೊತ್ತಿರುವಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಅವಳಿಗೆ ಗೊತ್ತಿರಲಿಲ್ಲ ಅಂತ ತಿದ್ದಿದರು. ಕತ್ತಲಲ್ಲಿ “ಪಾಪ, ಗೊತ್ತೇ ಇಲ್ಲ” ಅಂದ ನಮ್ಮ ಗೆಳೆಯರು, ಬೇಜಾರು ಮಾಡಿಕೊಳ್ಳಬೇಡಿ ಸಾರ್, ಆ ತಿದ್ದುಪಡಿಯ ಸಾಲಿನಲ್ಲೇ ನಿಂತಿದ್ದೀರಿ. ಗಂಡಸರ ವಿಷಯಕ್ಕೆ ಬಂದರೆ ಕಥೆಗಳು ಎಷ್ಟು ಉದಾರ ನೋಡಿ: ವಾಲಿ ಸುಗ್ರೀವರು ಕಾದಾಡುವಾಗ ಯಾರು ಯಾರು ಅಂತ ತಿಳಿಯದೆ ಸಾಕ್ಷಾತ್ ರಾಮನೇ ಬಾಣ ಬಿಡದೆ ನಿಂತ. ಅವನಿಗೆ ಯಾರೂ ಶಾಪ ಕೊಡಲಿಲ್ಲ. ಸುಗ್ರೀವನ ಕೊರಳಿಗೆ ಗಜಪುಷ್ಪದ ಬಳ್ಳಿ ಹಾಕಿ ಇನ್ನೊಂದು ಸಲ ಕಳಿಸಿದರು.

ಗಿರೀಶ ಕಾರ್ನಾಡರ ‘ನಾಗಮಂಡಲ’ 1988ರದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಬಂದದ್ದು. ಗಂಡ ಅಪ್ಪಣ್ಣ ಹಗಲು ಬಂದು ಉಂಡು, ರಾಣಿಯನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಹೋಗುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗ ಬರುತ್ತಾನೆ. ಹಗಲಿನವನು ಬೈಯುತ್ತಾನೆ, ರಾತ್ರಿಯವನು ಮುದ್ದು ಮಾಡುತ್ತಾನೆ. ಪ್ರಶ್ನೆ ಕೇಳಬಾರದು ಅಂತ ಕಟ್ಟಪ್ಪಣೆ. ನಾನು ಈ ನಾಟಕವನ್ನು ಎರಡು ಮೂರು ತಂಡಗಳು ಆಡಿದ್ದನ್ನು ನೋಡಿದ್ದೇನೆ. ಒಳ್ಳೆಯ ನಟಿಯಾದರೆ ರಾಣಿಗೆ ಗೊತ್ತಾಯಿತು ಅನ್ನುವ ಗಳಿಗೆ ಎಲ್ಲಿ ಬಂತು ಅಂತ ಹೇಳಲು ಬಾರದ ಹಾಗೆ ಮಾಡುತ್ತಾಳೆ. ಅದು ಬಂದಿರುತ್ತದೆ, ನಾವು ನೋಡಿರುವುದಿಲ್ಲ. ‘ಎನಿಮಿ’ಯ ಹೆಲೆನ್ ರಾಣಿಯ ಅಕ್ಕನೋ ತಂಗಿಯೋ ಆಗಬೇಕು. ಈ ಪಾತ್ರ ಮಾಡಿದ ಸಾರಾ ಗಡಾನ್ ಅವರ ಬಗ್ಗೆ ಯಾವ ಚೀಟಿಯಲ್ಲೂ ಒಂದು ಸಾಲಿಲ್ಲ. ಎಲ್ಲ ಹೊಗಳಿಕೆಯೂ ಜಿಲೆನ್‌ಹಾಲ್‌ಗೇ ಹೋಗಿದೆ. ಎರಡು ಪಾತ್ರ ಮಾಡುವುದು ಕಷ್ಟ, ಒಪ್ಪೋಣ. ಇಬ್ಬರನ್ನೂ ಒಂದೇ ಕಣ್ಣಲ್ಲಿ ನೋಡಿ ಏನೂ ಹೇಳದೆ ಉಳಿಯುವ ಪಾತ್ರ ಅದಕ್ಕಿಂತ ಕಷ್ಟ.

ಈಗ ನಮ್ಮೂರಿಗೆ ಬರುತ್ತೇನೆ. ಗುಬ್ಬಿ ತಾಲ್ಲೂಕಿನ ಹಳ್ಳಿ ನನ್ನದು. ಬೇಸಿಗೆ ಬಂದರೆ ‘ಕುರುಕ್ಷೇತ್ರ’ ನಾಟಕ. ಇಲ್ಲಿ ಕೂತಿರುವ ಅರ್ಧ ಜನ ಆಡಿಯೂ ಇರುತ್ತೀರಿ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ಪಾತ್ರ ಹಂಚಿದಾಗ ಕೃಷ್ಣನ ಪಾತ್ರಕ್ಕೆ ಒಬ್ಬರಿಗಿಂತ ಹೆಚ್ಚು ಜನ ದುಡ್ಡು ಕಟ್ಟಿರುತ್ತಾರೆ. ಯಾರನ್ನೂ ಬಿಡುವಂತಿಲ್ಲ. ಅದಕ್ಕೆ ಒಂದನೇ ಕೃಷ್ಣ, ಎರಡನೇ ಕೃಷ್ಣ. ಸಂಧಾನದವರೆಗೆ ಒಬ್ಬ, ಗೀತೋಪದೇಶಕ್ಕೆ ಇನ್ನೊಬ್ಬ. ನನಗೆ ಏಳೆಂಟು ವರ್ಷವಿದ್ದಾಗ ನಮ್ಮೂರ ಒಂದನೇ ಕೃಷ್ಣ ಸೈಕಲ್ ಶಾಪಿನವನು, ಕಡ್ಡಿ ಹಾಗಿದ್ದ. ಎರಡನೇ ಕೃಷ್ಣ ತೆಂಗಿನಕಾಯಿ ವ್ಯಾಪಾರದವರು, ಹೊಟ್ಟೆಯ ಮೇಲೆ ಜರಿ ಪಟ್ಟಿ ನಿಲ್ಲುತ್ತಿರಲಿಲ್ಲ, ಮೀಸೆ ಬೋಳಿಸಲು ಒಪ್ಪದೆ ಅದರ ಮೇಲೇ ನೀಲಿ ಬಳಿದುಕೊಂಡಿದ್ದರು. ರಾತ್ರಿ ಎರಡು ಗಂಟೆಗೆ ಪರದೆ ಎದ್ದಾಗ ಕಡ್ಡಿ ಕೃಷ್ಣ ಹೋಗಿ ಮೀಸೆ ಕೃಷ್ಣ ಬಂದದ್ದು ನೋಡಿ ನನಗೆ ದಿಗಿಲಾಯಿತು. ಅಜ್ಜಿ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಮೊದಲನೆಯವನಿಗೆ ಹೇಗೆ ಕೈಮುಗಿದಿದ್ದಳೋ ಇವರಿಗೂ ಹಾಗೇ ಮುಗಿದಳು. “ಅಜ್ಜಿ, ಇವ್ನು ಬೇರೆಯೋನು” ಅಂದೆ. ಅವಳು ನನ್ನ ಕಡೆ ನೋಡಲೂ ಇಲ್ಲ. “ಕಿರೀಟ ಅದೇ ಅಲ್ವೇನ್ಲಾ” ಅಂದಳು.

ಈ ಸಿನಿಮಾಕ್ಕೆ ನಮ್ಮ ಕಡೆಯಿಂದ ಕೊಡಬಹುದಾದ ವಿಮರ್ಶೆ ಇದ್ದರೆ ಅದು ಅಜ್ಜಿಯ ಆ ಮಾತು ಅಂತ ನನಗೆ ಅನಿಸುತ್ತದೆ. ಅಲ್ಲಿ ಒಂದೇ ಮೈ, ಎರಡು ಬಾಳು. ನಮ್ಮಲ್ಲಿ ಎರಡು ಮೈ, ಒಂದೇ ಪಾತ್ರ. ಗಂಡ ಅನ್ನುವುದೂ ಒಂದು ಪಾತ್ರ. ಹೆಲೆನ್‌ಗೆ ಒಂದನೇ ಗಂಡನೂ ಸಿಕ್ಕ, ಎರಡನೇ ಗಂಡನೂ ಸಿಕ್ಕ. ಕಿರೀಟ ಅದೇ. ಯಾರು ಪಾತ್ರವನ್ನು ಚೆನ್ನಾಗಿ ಮಾಡುತ್ತಾರೆ ಅಂತ ಅವಳು ನೋಡಿದಳು. ಅಜ್ಜಿಗೂ ಅವಳಿಗೂ ಇರುವ ವ್ಯತ್ಯಾಸ ಒಂದೇ. ಅಜ್ಜಿಗೆ ಇಬ್ಬರು ಕೃಷ್ಣರಲ್ಲಿ ಯಾರನ್ನೂ ಮನೆಗೆ ಕರೆದುಕೊಂಡು ಹೋಗಬೇಕಾಗಿರಲಿಲ್ಲ.

ರಾಜಕೀಯದ ಓದು ಒಂದಿದೆ, ಬೇಗ ಹೇಳಿಬಿಡುತ್ತೇನೆ. ಮೇಷ್ಟ್ರು ಕ್ಲಾಸಿನಲ್ಲಿ ಸರ್ವಾಧಿಕಾರದ ಬಗ್ಗೆ ಪಾಠ ಮಾಡುತ್ತಾನೆ, ರೋಮಿನವರು ಜನಕ್ಕೆ ರೊಟ್ಟಿ ಮತ್ತು ಆಟ ಕೊಟ್ಟು ಸುಮ್ಮನಿರಿಸಿದರು ಅಂತ. ಊರ ಮೇಲೆ ದೈತ್ಯ ಜೇಡ ನಡೆಯುವುದು ಆ ಸರ್ವಾಧಿಕಾರವೇ ಅಂತ ಎಮರ್ಜೆನ್ಸಿ ಕಂಡ ಒಬ್ಬ ಹಿರಿಯರು ಬರೆದಿದ್ದಾರೆ. ಇರಬಹುದು. ನನಗೆ ಆ ದೃಶ್ಯ ಚುಚ್ಚಿದ್ದು ಬೇರೆ ಕಾರಣಕ್ಕೆ. ಅವನು ಅದೇ ಪಾಠವನ್ನು ಅದೇ ಮಾತಿನಲ್ಲಿ ಮತ್ತೆ ಮತ್ತೆ ಮಾಡುತ್ತಾನೆ. ಇತಿಹಾಸ ಎರಡು ಸಲ ನಡೆಯುತ್ತದೆ ಅಂದ ಹೆಗೆಲ್, ಮೊದಲು ದುರಂತ ಆಮೇಲೆ ಪ್ರಹಸನ ಅಂದ ಮಾರ್ಕ್ಸ್, ಅದನ್ನೂ ಹೇಳುತ್ತಾನೆ. ನಾನೂ ಇತಿಹಾಸದ ಮೇಷ್ಟ್ರು. ಸೋಮವಾರ ಎ ಸೆಕ್ಷನ್‌ಗೆ ವಿಜಯನಗರ, ಮಂಗಳವಾರ ಬಿ ಸೆಕ್ಷನ್‌ಗೆ ವಿಜಯನಗರ. ಎ ಸೆಕ್ಷನ್‌ನಲ್ಲಿ ಯಾವ ಜಾಗದಲ್ಲಿ ಜೋಕು ಹೇಳಿದೆನೋ ಬಿ ಸೆಕ್ಷನ್‌ನಲ್ಲೂ ಅದೇ ಜಾಗದಲ್ಲಿ ಅದೇ ಜೋಕು. ಸೀಮೆಸುಣ್ಣ ಮುರಿದು ಕಿಟಕಿಯಾಚೆ ಎಸೆಯುವುದೂ ಅದೇ ವಾಕ್ಯಕ್ಕೆ. ಒಂದು ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ನಾನು ಬಾಯಿ ಬಿಡುವ ಮೊದಲೇ ಮುಂದಿನ ವಾಕ್ಯ ಹೇಳಿದ. ಎ ಸೆಕ್ಷನ್‌ನಲ್ಲಿ ಗೆಳೆಯರ ಜೊತೆ ಕೂತು ಒಮ್ಮೆ ಕೇಳಿಸಿಕೊಂಡಿದ್ದನಂತೆ. ನನ್ನ ತದ್ರೂಪಿಯನ್ನು ನಾನು ಕಂಡದ್ದು ಅವತ್ತೇ, ತಿಪಟೂರಿನಲ್ಲಲ್ಲ.

ಕೊನೆಗೆ ಜೇಡ. ಎಲ್ಲ ಚೀಟಿಗಳಲ್ಲೂ ಜೇಡ ಇದೆ. ಮೊದಲ ದೃಶ್ಯದಲ್ಲಿ ಗುಟ್ಟಿನ ಕ್ಲಬ್ಬಿನ ತಟ್ಟೆಯಲ್ಲೊಂದು ಜೇಡ, ಹೆಣ್ಣಿನ ಚಪ್ಪಲಿಯ ಹಿಮ್ಮಡಿ ಅದರ ಮೇಲೆ ಇಳಿಯುತ್ತಿರುತ್ತದೆ. ನಡುವೆ ಊರ ಮೇಲೆ ನಡೆಯುವ ಜೇಡ. ಕೊನೆಗೆ ಮೇಷ್ಟ್ರು ನಟನ ಲಕೋಟೆ ಒಡೆದು ಕ್ಲಬ್ಬಿನ ಬೀಗದ ಕೈ ತೆಗೆದು, ರಾತ್ರಿ ಹೊರಗೆ ಹೋಗಬೇಕು ಅಂತ ಹೇಳುತ್ತಾ ಮಲಗುವ ಕೋಣೆಗೆ ಹೋದರೆ, ಹೆಲೆನ್ ಇರಬೇಕಾದ ಕಡೆ ಕೋಣೆ ತುಂಬಾ ಜೇಡ. ಸಿನಿಮಾ ಮುಗಿಯಿತು. ಅವತ್ತು ಯಾರೋ ಅಮ್ಮಾ ಅಂತ ಕೂಗಿದಿರಿ.

ಸರಮಾಗೋ ಕಾದಂಬರಿಯಲ್ಲಿ ಜೇಡ ಇಲ್ಲ. ಅಲ್ಲಿ ಕೊನೆಗೆ ಮೂರನೆಯವನೊಬ್ಬ ಫೋನ್ ಮಾಡುತ್ತಾನೆ, ಇವನದೇ ದನಿಯಲ್ಲಿ. ಇವನು ಪಿಸ್ತೂಲು ತೆಗೆದುಕೊಂಡು ಹೊರಡುತ್ತಾನೆ. ಜೇಡ ಸಿನಿಮಾದವರು ಸೇರಿಸಿದ್ದು. ಊರ ಮೇಲೆ ನಡೆಯುವ ಆ ಉದ್ದ ಕಾಲಿನ ಜೇಡ ನೋಡಿದವರಿಗೆ ಲೂಯಿ ಬೂರ್ಜ್ವಾ ಅನ್ನುವ ಕಲಾವಿದೆ 1999ರಲ್ಲಿ ಮಾಡಿದ ಶಿಲ್ಪ ನೆನಪಾಗುತ್ತದೆ. ಮೂವತ್ತು ಅಡಿ ಎತ್ತರದ ಜೇಡ, ಹೊಟ್ಟೆಯಡಿ ಮೊಟ್ಟೆಗಳ ಚೀಲ. ಅದಕ್ಕೆ ಅವರು ಇಟ್ಟ ಹೆಸರು ‘ಅಮ್ಮ’ ಅಂತಲೇ. ಅವರ ತಾಯಿ ಹಳೆಯ ನೇಯ್ಗೆ ಪರದೆಗಳನ್ನು ರಿಪೇರಿ ಮಾಡುತ್ತಿದ್ದವರು. ಜೇಡ ಅವರಿಗೆ ಭಯದ ಗುರುತಲ್ಲ, ನೇಯುವ, ಕಾಯುವ ತಾಯಿ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೇಡರ ದಾಸಿಮಯ್ಯ ಅನ್ನುತ್ತೇವಲ್ಲ, ಅಲ್ಲಿ ಜೇಡ ಅಂದರೆ ನೇಕಾರ. ಹುಳಕ್ಕೂ ಮನುಷ್ಯನಿಗೂ ಕಸುಬಿನಿಂದ ಒಂದೇ ಹೆಸರು ಕೊಟ್ಟು ನಮ್ಮ ಭಾಷೆ ಸಾವಿರ ವರ್ಷದಿಂದ ಸುಮ್ಮನಿದೆ.

ಹೆಂಗಸರನ್ನು ಜೇಡ ಮಾಡಿದ್ದು ಗಂಡಸಿನ ಭಯ, ಸಿನಿಮಾದ್ದೂ ಅದೇ ಚಾಳಿ ಅಂತ ಒಬ್ಬ ಮೇಡಂ ಖಾರವಾಗಿ ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಉತ್ತರ ಇನ್ನೊಂದು ಚೀಟಿಯಲ್ಲಿದೆ. ಪಿಯುಸಿ ಓದುವ ಹುಡುಗಿ ಬರೆದದ್ದು, ಎರಡೇ ಪದ: “ಜೇಡವೇ ಹೆದರಿದೆ.” ಮತ್ತೆ ಹಾಕಿಕೊಂಡು ನೋಡಿದೆ. ನಿಜ. ಅವನು ಬಾಗಿಲಲ್ಲಿ ನಿಂತ ಕೂಡಲೇ ಅಷ್ಟು ದೊಡ್ಡ ಜೇಡ ಕಾಲುಗಳನ್ನು ಒಳಕ್ಕೆ ಎಳೆದುಕೊಂಡು ಗೋಡೆಗೆ ಒತ್ತಿಕೊಳ್ಳುತ್ತದೆ. ಅವನು ಹೆದರುವುದಿಲ್ಲ, ಉಸ್ ಅಂತ ಉಸಿರು ಬಿಡುತ್ತಾನೆ, ಮತ್ತೆ ಇದೇನಾ ಅನ್ನುವ ಹಾಗೆ. ನಿನ್ನೆ ರಾತ್ರಿ ಇರು ಅಂತ ಅವಳು ಕೇಳಿಕೊಂಡಿದ್ದಳು. ಇವತ್ತು ಅವನ ಜೇಬಿನಲ್ಲಿ ಆ ಬೀಗದ ಕೈ. ಎರಡನೇ ಕೃಷ್ಣನೂ ಮೊದಲನೆಯವನ ಹಾಗೇ ಹಾಡಲು ಶುರು ಮಾಡಿದ್ದಾನೆ. ನಾನು ಈ ಸಿನಿಮಾವನ್ನು ಮೂರು ಸಲ ನೋಡಿ, ಅದರ ಬಗ್ಗೆ ಬೇಕಾದಷ್ಟು ಓದಿ, ಜೇಡ ಹಿಂದೆ ಸರಿದದ್ದನ್ನು ಕಂಡಿರಲಿಲ್ಲ.

ಮಾತು ಉದ್ದವಾಯಿತು, ಹಿಂದಿನ ಸಾಲಿನವರು ಟೀ ಕಡೆ ನೋಡುತ್ತಿದ್ದೀರಿ. ತಿಪಟೂರಿನ ವಿಷಯ ಬಾಕಿ ಇದೆ. ಆ ತಟ್ಟೆ ಇಡ್ಲಿ ದಿನ ಮನೆಗೆ ಹೋಗಿ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ, ಮಂಡಿಯಲ್ಲಿ ನನ್ನ ಥರದವನೇ ಒಬ್ಬನಿದ್ದಾನಂತೆ, ಒಂದು ದಿನ ಹೋಗಿ ನೋಡಿ ಬರೋಣ ಅಂತಿದ್ದೀನಿ ಅಂತ. ಅವರು ಅಂಗಿಯ ಚಟ್ನಿ ಕಲೆಗೆ ಸೋಪು ಉಜ್ಜುತ್ತಿದ್ದರು. ತಲೆ ಎತ್ತದೆ ಕೇಳಿದರು, “ಅವರು ಒಗ್ಗರಣೆಗೆ ಕರಿಬೇವು ತರೋದು ಮರೀತಾರಂತಾ?”

ಗೊತ್ತಿಲ್ಲ ಅಂದೆ.

“ವಿಚಾರಿಸಿ. ಮರೆಯಲ್ಲ ಅಂದ್ರೆ ಅವರನ್ನ ಕಳಿಸಿ, ನೀವು ಅಲ್ಲೇ ಇರಿ.”